ಭೀಮಾತೀರದ ಗಾಳ
ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕುವುದನ್ನೂ ರಾಜವಿನೋದಗಳಲ್ಲಿ ಎಣಿಸಿದ್ದಾನೆ. ಅಫಜಲಪುರ, ಜೇವರ್ಗಿಗಳ ಭೀಮಾತೀರದಲ್ಲೋ ಆಳಂದದ ಅಮರ್ಜಾ ಜಲಾಶಯದಲ್ಲೋ ಹಗುರವಾದ ಗಾಳಕೋಲು ಹಿಡಿದು ನಿಂತಾಗ ನನಗೆ ಎದುರಾಗುವ ಪ್ರಶ್ನೆ ಇದು: ಯಾವ ದಾರ, ಯಾವ ಎರೆ? ನೈಲಾನ್ ದಾರ ತೆಳುವಾದಷ್ಟೂ ಹಗುರ ಎರೆ ದೂರ ಹಾರುತ್ತದೆ. ಮೀನಿನ ಕಣ್ಣಿಗೂ ಸುಲಭವಾಗಿ ಬೀಳದು. ಆದರೆ ಇಲ್ಲಿನ ಕರಿಗಲ್ಲಿಗೆ ಉಜ್ಜಿದರೆ ಕಡಿದು, ನುಂಗಿದ ಗಾಳವನ್ನು ಹೊತ್ತೇ ಮೀನು ಹೋಗುತ್ತದೆ. ಆದ್ದರಿಂದ ಕಲ್ಲಿರುವೆಡೆ ದಪ್ಪ ದಾರವೇ ನನಗೆ ಸರಿ, ಎಸೆತ ಕುಗ್ಗಲಿ. ಗಂಟನ್ನು ಒದ್ದೆಮಾಡಿಯೇ ಬಿಗಿಯಬೇಕು. ಒಣಗಂಟು ಉಜ್ಜಿ ಬಿಸಿಯೇರಿ ದಾರ ದುರ್ಬಲವಾಗುತ್ತದೆ. ಕೊರವ ಮೀನಿಗೆ ಜೊಂಡಿನ ಅಂಚಿನಲ್ಲಿ ನೀರಮೇಲೆ ಕುಪ್ಪಳಿಸುವ ರಬ್ಬರಿನ ಕಪ್ಪೆ ಸಾಕು. ಅಲ್ಲಿ ಮರಿಗಳ ಹಿಂಡು ಕಂಡರೆ ಮಾತ್ರ ಎಸೆಯಲಾಗದು. ಕಾವಲಿರುವ ದೊಡ್ಡ ಮೀನು ಆಗ ಎರಗುವುದು ಹಸಿವಿನಿಂದಲ್ಲ; ಅದು ಹೋದರೆ ಮರಿಗಳು ಬೇರೆ ಮೀನುಗಳ ಪಾಲು.