ಗಡಿ ದಾಟಿದ ಮೊಬೈಲು: ಹೊರನಾಡಿಗೆ ಹೊರಡುವ ಹಿರಿಯರಿಗೊಂದು ಕಿವಿಮಾತು

ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮನೆಗಳಿಗೂ ಹೊರನಾಡುಗಳಿಗೂ ಇದ್ದ ದೂರ ಕಡಿಮೆಯಾಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ, ಹೊಸಕೋಟೆಯ ರೈತನ ಮನೆಯಿಂದ, ನೆಲಮಂಗಲದ ವ್ಯಾಪಾರಿಯ ಮನೆಯಿಂದ ಓದಿ ಹೊರಟ ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡ್, ಜರ್ಮನಿ, ಅರಬ್ ನಾಡುಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ, ಮೊಮ್ಮಗುವಿನ ನಾಮಕರಣಕ್ಕೆಂದು ತಾತ, ಹೀಗೆ ಊರಿನ ಗಡಿಯನ್ನೇ ಅಪರೂಪಕ್ಕೆ ದಾಟುತ್ತಿದ್ದ ಹಿರಿಯರು ಈಗ ಸಮುದ್ರವನ್ನು ದಾಟುತ್ತಿದ್ದಾರೆ. ಅವರಿಗಾಗಿ ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ತೂಕ ನೋಡಿ ಪೆಟ್ಟಿಗೆಗೆ ತುಂಬುವ ನಾವು, ಅವರ ಜೇಬಿನಲ್ಲಿರುವ ಮೊಬೈಲಿನ ಕುರಿತು ಮಾತ್ರ ಒಂದು ಮಾತನ್ನೂ ವಿಚಾರಿಸದೆ ವಿಮಾನ ಹತ್ತಿಸಿಬಿಡುತ್ತೇವೆ. ಈ ಅಲಕ್ಷ್ಯದಿಂದ ಕೆಲವರಿಗೆ ಹಣ ಹೋಗುತ್ತದೆ. ಇನ್ನು ಕೆಲವರಿಗೆ ಹಣಕ್ಕಿಂತ ಹೆಚ್ಚಿನದು ಹೋಗುತ್ತದೆ. ಆದುದರಿಂದ ರೋಮಿಂಗ್ ಎಂಬ ಈ ವ್ಯವಸ್ಥೆಯ ಸ್ವರೂಪವನ್ನು ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ನೆರೆಮನೆಯ ಆತಿಥ್ಯ, ಲೆಕ್ಕ ನಮ್ಮ ಮನೆಯದು

ನಮ್ಮ ಕಂಪನಿಯ ಟವರುಗಳು ಇಲ್ಲದ ಕಡೆಯಲ್ಲಿ ಬೇರೊಂದು ಕಂಪನಿಯ ಟವರಿನಿಂದ ನಮ್ಮ ಮೊಬೈಲು ಕೆಲಸ ಮಾಡುವುದೇ ರೋಮಿಂಗ್. ಪ್ರತಿಯೊಂದು ಸಿಮ್‌ನ ಒಳಗೂ ಅದು ಯಾವ ದೇಶದ, ಯಾವ ಕಂಪನಿಯ ಸಿಮ್ ಎಂಬುದನ್ನು ಹೇಳುವ ಒಂದು ಗುರುತಿನ ಸಂಖ್ಯೆ ಇರುತ್ತದೆ. ಭಾರತದ ಸಿಮ್‌ಗಳ ಆ ಸಂಖ್ಯೆ 404 ಅಥವಾ 405ರಿಂದ ಆರಂಭವಾಗುತ್ತದೆ. ಹೊರದೇಶದಲ್ಲಿ ಮೊಬೈಲನ್ನು ಚಾಲೂ ಮಾಡಿದೊಡನೆ ಅಲ್ಲಿಯ ಟವರು ಈ ಸಂಖ್ಯೆಯನ್ನು ಓದಿಕೊಂಡು, ಇಲ್ಲಿಯ ಕಂಪನಿಯನ್ನು ‘ಇವರು ನಿಮ್ಮವರೇ? ಇವರಿಗೆ ಸೇವೆ ಕೊಡಬಹುದೇ?’ ಎಂದು ವಿಚಾರಿಸುತ್ತದೆ. ಎರಡೂ ಕಂಪನಿಗಳ ನಡುವೆ ಒಪ್ಪಂದವಿದ್ದು, ಇಲ್ಲಿಂದ ‘ಹೌದು’ ಎಂಬ ಉತ್ತರ ಬಂದರೆ, ಅತಿಥಿಗಳ ಪಟ್ಟಿಯಲ್ಲಿ ನಮ್ಮ ಸಂಖ್ಯೆಯನ್ನು ಬರೆದುಕೊಂಡು ಸೇವೆ ಕೊಡಲಾರಂಭಿಸುತ್ತದೆ. ಇವೆಲ್ಲವೂ ಕೆಲವೇ ಕ್ಷಣಗಳಲ್ಲಿ, ನಮ್ಮ ಅಪ್ಪಣೆಯನ್ನು ಕೇಳದೆಯೇ ನಡೆದುಹೋಗುತ್ತದೆ. ಇಂತಹ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಮೊದಲನೆಯದು 1992ರಲ್ಲಿ ಫಿನ್‌ಲೆಂಡಿನ ಟೆಲಿಕಾಂ ಸಂಸ್ಥೆಗೂ ಬ್ರಿಟನ್ನಿನ ವೊಡಾಫೋನ್ ಕಂಪನಿಗೂ ನಡುವೆ ಆಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು ಅದಾದ ಮೂರು ವರ್ಷಗಳ ಮೇಲೆ, 1995ರ ಜುಲೈ 31ರಂದು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೊರದೇಶದ ಟವರಿನಿಂದ ನಾವು ಬಳಸುವ ಡಾಟಾ ಸಾಮಾನ್ಯವಾಗಿ ನೇರವಾಗಿ ಅಂತರ್ಜಾಲಕ್ಕೆ ಹೋಗುವುದಿಲ್ಲ. ಅದು ಮೊದಲು ಭಾರತದಲ್ಲಿರುವ ನಮ್ಮ ಕಂಪನಿಯ ಯಂತ್ರಕ್ಕೆ ಬಂದು, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಅಮೆರಿಕದಲ್ಲಿ ಕುಳಿತ ತಾತ ಅದೇ ಮನೆಯ ಮಹಡಿಯಲ್ಲಿರುವ ಮೊಮ್ಮಗನಿಗೆ ಒಂದು ಚಿತ್ರವನ್ನು ಕಳುಹಿಸಿದರೂ, ಅದು ಭಾರತಕ್ಕೊಮ್ಮೆ ಬಂದೇ ಹಿಂದಿರುಗಬೇಕು. ರೋಮಿಂಗ್‌ನಲ್ಲಿ ವೇಗ ತಗ್ಗುವುದಕ್ಕೆ ಇದೂ ಒಂದು ಕಾರಣ. ಬಳಸಿದ ಡಾಟಾದ ಲೆಕ್ಕವನ್ನು ಅಲ್ಲಿಯ ಕಂಪನಿಯು ಇಲ್ಲಿಯ ಕಂಪನಿಗೆ ಆಮೇಲೆ ಕಳುಹಿಸುವುದರಿಂದ, ತಿಂಗಳ ಬಿಲ್ಲಿನ ಸಂಪರ್ಕವುಳ್ಳವರಿಗೆ ಖರ್ಚಿನ ಅರಿವಾಗುವುದು ಬಹಳ ವೇಳೆ ಊರಿಗೆ ಮರಳಿದ ಮೇಲೆಯೇ.

ದೇಶದೊಳಗಿನ ಅಭ್ಯಾಸ

ಹೊರದೇಶದಲ್ಲಿ ನಮ್ಮವರು ಎಡವುವುದಕ್ಕೆ ಕಾರಣ ದೇಶದೊಳಗೆ ಬೆಳೆದುಬಂದ ಅಭ್ಯಾಸ. ಭಾರತವನ್ನು ದೂರಸಂಪರ್ಕಕ್ಕಾಗಿ 22 ವೃತ್ತಗಳಾಗಿ ವಿಂಗಡಿಸಲಾಗಿದ್ದು, ಕರ್ನಾಟಕವೇ ಒಂದು ವೃತ್ತ. ಹಿಂದೆ ವೃತ್ತ ದಾಟಿದರೆ ರೋಮಿಂಗ್ ಶುಲ್ಕ ತಪ್ಪುತ್ತಿರಲಿಲ್ಲ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಹಾದಿಯಲ್ಲಿ ಹಿಂದೂಪುರಕ್ಕೆ ಹೋದವರ ಮೊಬೈಲಿಗೆ ಆಂಧ್ರದ ಗಡಿಯಲ್ಲಿ ಆ ಶುಲ್ಕ ತಗಲುತ್ತಿತ್ತು. ಹೊಸೂರಿಗೆ ಹೋದವರದೂ ಅದೇ ಕಥೆ. ಕಾಸರಗೋಡು, ಮಂಜೇಶ್ವರಗಳ ಕನ್ನಡಿಗರ ಪಾಡಂತೂ ಇನ್ನೂ ವಿಚಿತ್ರವಾಗಿತ್ತು. ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಮಂಗಳೂರನ್ನೇ ನೆಚ್ಚಿದ ಅವರು ತಲಪಾಡಿಯನ್ನು ದಾಟಿದೊಡನೆ ಕೇರಳ ವೃತ್ತದ ಹೊರಗಿನವರಾಗಿ, ಬಂದ ಕರೆಗೂ ಹಣ ತೆರಬೇಕಾಗಿತ್ತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ರೋಮಿಂಗ್‌ನಲ್ಲಿ ಬರುವ ಕರೆಗೆ ನಿಮಿಷಕ್ಕೆ 75 ಪೈಸೆ ಇದ್ದ ಗರಿಷ್ಠ ದರವನ್ನು 2015ರ ಮೇ 1ರಿಂದ 45 ಪೈಸೆಗೆ ಇಳಿಸಿತು. ಅದೇ ವರ್ಷದ ಜೂನ್ 15ರಿಂದ ಬಿ.ಎಸ್.ಎನ್.ಎಲ್. ಒಳಬರುವ ಕರೆಗಳನ್ನು ಉಚಿತಗೊಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ರೋಮಿಂಗ್ ಶುಲ್ಕವಿಲ್ಲದೆಯೇ ಸೇವೆಗಿಳಿಯಿತು. 2017ರಲ್ಲಿ ಇತರ ದೊಡ್ಡ ಕಂಪನಿಗಳೂ ದೇಶದೊಳಗಿನ ಶುಲ್ಕವನ್ನು ಕೈಬಿಟ್ಟವು. ಅಂದಿನಿಂದ ನಮ್ಮವರು ಕಾಶಿಗೆ ಹೋಗಲಿ, ಶ್ರೀಶೈಲಕ್ಕೆ ಹೋಗಲಿ, ಊರಿನಲ್ಲಿ ಹಾಕಿಸಿದ ರೀಚಾರ್ಜೇ ನಡೆಯುತ್ತದೆ. ಆದುದರಿಂದ ‘ರೋಮಿಂಗ್‌ಗೆ ಈಗ ದುಡ್ಡಿಲ್ಲ’ ಎಂಬ ಮಾತು ಜನರ ಮನಸ್ಸಿನಲ್ಲಿ ನೆಲೆಯೂರಿದೆ. ಈ ಮಾತು ದೇಶದ ಗಡಿಯವರೆಗೆ ಮಾತ್ರ ನಿಜ. ದಿನಕ್ಕೆ ಒಂದೂವರೆ ಜಿ.ಬಿ., ಎರಡು ಜಿ.ಬಿ. ಕೊಡುವ ಇಲ್ಲಿಯ ಸಾಮಾನ್ಯ ರೀಚಾರ್ಜು ಗಡಿಯಾಚೆ ಉಪಯೋಗಕ್ಕೆ ಬಾರದು.

ನೇಪಾಳ ಇದಕ್ಕೆ ಉತ್ತಮ ನಿದರ್ಶನ. ಕಾಶಿಯಾತ್ರೆಯ ಜೊತೆಗೆ ಪಶುಪತಿನಾಥನ ದರ್ಶನವನ್ನೂ ಮಾಡಿ ಬರುವ ಸದ್ಭಕ್ತರು ನಮ್ಮಲ್ಲಿ ಅನೇಕರು. ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲ. ಬಸ್ಸಿನಲ್ಲಿ ಕುಳಿತಂತೆಯೇ ಗಡಿ ದಾಟಬಹುದು. ಆದರೆ ಮೊಬೈಲಿನ ಮಟ್ಟಿಗೆ ಅದು ಪರದೇಶವೇ. ಅಲ್ಲಿ ಟವರು ಎನ್‌ಸೆಲ್‌ನದು ಅಥವಾ ನೇಪಾಳ ಟೆಲಿಕಾಂನದು. ದರ ಅಂತರರಾಷ್ಟ್ರೀಯ ರೋಮಿಂಗ್‌ನದು.

ಹಣ ಸೋರುವ ಬಗೆ

ಪ್ಯಾಕ್ ಹಾಕಿಸದೆ ಹೊರದೇಶದಲ್ಲಿ ಡಾಟಾ ಬಳಸಿದರೆ ಎಂ.ಬಿ. ಲೆಕ್ಕದಲ್ಲಿ ದರ ಬೀಳುತ್ತದೆ. ಲೆಕ್ಕಕ್ಕಾಗಿ ಒಂದು ಎಂ.ಬಿ.ಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ವಿಡಿಯೊ ಕರೆಗೆ ನಿಮಿಷಕ್ಕೆ 5 ಎಂ.ಬಿ. ಎಂದು ಹಿಡಿದರೂ, ಹತ್ತು ನಿಮಿಷದ ಮಾತಿಗೆ 50 ಎಂ.ಬಿ. ಆಯಿತು, ಅಂದರೆ 5,000 ರೂಪಾಯಿ. ಅದೇ 50 ಎಂ.ಬಿ. ಊರಿನಲ್ಲಿ ನಾವು ದಿನಕ್ಕೆ ಪಡೆಯುವ ಒಂದೂವರೆ ಜಿ.ಬಿ.ಯ ಮೂವತ್ತನೆಯ ಒಂದು ಪಾಲು ಮಾತ್ರ. ಮಾತನಾಡದೆ ಸುಮ್ಮನಿದ್ದರೂ ಮೊಬೈಲು ತಾನಾಗಿ ಸುಮ್ಮನಿರುವುದಿಲ್ಲ. ಅಪ್ಲಿಕೇಶನ್‌ಗಳು ತಮ್ಮನ್ನು ತಾವು ನವೀಕರಿಸಿಕೊಳ್ಳುತ್ತವೆ. ತೆಗೆದ ಚಿತ್ರಗಳು ದೂರದ ಸಂಗ್ರಹಕ್ಕೆ ತಾವೇ ಏರುತ್ತವೆ. ಬಂಧುಗಳ ಗುಂಪಿನಲ್ಲಿ ಬೆಳಗ್ಗೆ ಬಂದ ಶುಭಾಶಯದ ವಿಡಿಯೊಗಳು ಇಳಿಯುತ್ತವೆ.

ಪ್ಯಾಕ್ ಹಾಕಿಸಿದವರೂ ಮೂರು ಕಡೆ ಎಚ್ಚರದಿಂದಿರಬೇಕು. ಮೊದಲನೆಯದು, ನಡುದಾರಿಯ ನಿಲ್ದಾಣ. ಅಮೆರಿಕಕ್ಕೆಂದು ಪ್ಯಾಕ್ ಪಡೆದವರು ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುವಾಗ ಮೊಬೈಲು ಅಲ್ಲಿಯ ಟವರನ್ನು ಹಿಡಿಯುತ್ತದೆ. ಆ ದೇಶ ಪ್ಯಾಕಿನಲ್ಲಿ ಸೇರಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದು, ಸಹಭಾಗಿ ಕಂಪನಿ. ಒಂದೇ ದೇಶದಲ್ಲಿ ಮೂರು ನಾಲ್ಕು ಕಂಪನಿಗಳಿದ್ದರೂ ನಮ್ಮ ಪ್ಯಾಕು ಅವುಗಳಲ್ಲಿ ಒಂದೆರಡರಲ್ಲಿ ಮಾತ್ರ ನಡೆಯುವುದುಂಟು. ಮೊಬೈಲು ಬೇರೊಂದರ ಟವರನ್ನು ಹಿಡಿದರೆ ಒಂದೋ ಡಾಟಾ ಸಿಗದು, ಇಲ್ಲವೇ ಸಾಮಾನ್ಯ ದರ ಬೀಳುತ್ತದೆ. ಆಗ ಸೆಟ್ಟಿಂಗ್ಸ್‌ನಲ್ಲಿ ಸಹಭಾಗಿ ಕಂಪನಿಯ ಹೆಸರನ್ನು ನಾವೇ ಆರಿಸಿಕೊಡಬೇಕು. ಮೂರನೆಯದು, ವಿಮಾನ ಮತ್ತು ಹಡಗು. ಆಕಾಶದಲ್ಲೂ ನಡುಗಡಲಲ್ಲೂ ಉಪಗ್ರಹದ ಮೂಲಕ ಸೇವೆ ಕೊಡುವ ಜಾಲಗಳಿದ್ದು, ಅವುಗಳ ದರ ನೆಲದ ದರಕ್ಕಿಂತ ಬಹಳ ಹೆಚ್ಚು. ವಿಮಾನದಲ್ಲಿ ಮೊಬೈಲನ್ನು ಫ್ಲೈಟ್ ಮೋಡ್‌ನಲ್ಲಿ ಇರಿಸುವುದು ಜೇಬಿನ ರಕ್ಷಣೆಗೂ ಒಳ್ಳೆಯದೇ.

ಹೊರನಾಡಿನಲ್ಲಿ ನೆಲೆಸಿದ ಮಕ್ಕಳಿಗೂ ಈ ತೊಡಕು ತಪ್ಪಿದ್ದಲ್ಲ. ಅಪ್ಪ ಅಮ್ಮಂದಿರನ್ನು ನಯಾಗರ ಜಲಪಾತಕ್ಕೆ ಕರೆದೊಯ್ದಾಗ, ಅಮೆರಿಕದ ದಡದಲ್ಲಿ ನಿಂತಿರುವಂತೆಯೇ ಮೊಬೈಲು ಎದುರು ದಡದ ಕೆನಡಾದ ಟವರನ್ನು ಹಿಡಿಯುವುದುಂಟು. ಯುರೋಪಿನಲ್ಲಿ 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಅನ್ನು ಒಕ್ಕೂಟದ ಇನ್ನೊಂದು ದೇಶದಲ್ಲಿ ಪ್ರವಾಸಕಾಲಕ್ಕೆ ಹೆಚ್ಚಿನ ಶುಲ್ಕವಿಲ್ಲದೆ ಬಳಸಬಹುದು. ಆದರೆ ಈ ಸವಲತ್ತು ಅಲ್ಲಿಯ ಸಿಮ್‌ಗಳಿಗೆ. ನಮ್ಮ ಊರಿನ ಸಿಮ್‌ಗಲ್ಲ. ಸ್ವಿಟ್ಜರ್ಲೆಂಡ್ ಆ ನಿಯಮದ ಹೊರಗಿದೆ. ಬ್ರಿಟನ್ ಕೂಡ 2021ರ ಆರಂಭದಿಂದ ಹೊರಗಾಗಿದೆ. ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಲು ಜರ್ಮನಿಯಿಂದ ಹೋಗುವ ಕುಟುಂಬಗಳು, ಅದನ್ನು ಊರಿನ ಅಜ್ಜಿಗೆ ವಿಡಿಯೊದಲ್ಲಿ ತೋರಿಸುವ ಮುನ್ನ ತಮ್ಮ ಕಂಪನಿಯ ನಿಯಮವನ್ನು ವಿಚಾರಿಸಿಕೊಳ್ಳಬೇಕು.

ಹೆದರಿ ಮುಚ್ಚಿಟ್ಟರೆ

ಇಷ್ಟನ್ನೆಲ್ಲ ಕೇಳಿದ ಹಿರಿಯರು ‘ಈ ಗೊಡವೆಯೇ ಬೇಡ’ ಎಂದು ಸಿಮ್ ಅನ್ನು ತೆಗೆದು ಪೆಟ್ಟಿಗೆಗೆ ಹಾಕಿಬಿಡುವುದುಂಟು. ಇದು ಮೊದಲನೆಯದಕ್ಕಿಂತ ದೊಡ್ಡ ಕಷ್ಟಕ್ಕೆ ದಾರಿ. ನಾವು ಬಲ್ಲ ಒಂದು ಮನೆಯ ನಿವೃತ್ತ ಶಿಕ್ಷಕರು ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ, ಬಿಲ್ಲಿನ ಭಯದಿಂದ ಐದು ತಿಂಗಳ ಕಾಲ ಮೊಬೈಲನ್ನು ಮುಚ್ಚಿಟ್ಟರು. ಊರಿಗೆ ಮರಳಿದಾಗ ಅವರ ಸಂಖ್ಯೆಯೇ ರದ್ದಾಗಿತ್ತು. ಪಿಂಚಣಿಯ ಖಾತೆ, ಆಧಾರ್, ಅಡುಗೆ ಅನಿಲ ಎಲ್ಲವೂ ಅದೇ ಸಂಖ್ಯೆಗೆ ಜೋಡಣೆಯಾಗಿದ್ದವು. ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಅಲೆದು ಎಲ್ಲವನ್ನೂ ಸರಿಪಡಿಸಿಕೊಳ್ಳುವಷ್ಟರಲ್ಲಿ ಆ ವೃದ್ಧರು ಬಳಲಿಹೋದರು. ಅದಕ್ಕಿಂತ ನೋವಿನ ಸಂಗತಿಯೆಂದರೆ, ಊರಿನಲ್ಲಿ ಅವರ ಅಕ್ಕನವರು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ತಮ್ಮನ ಧ್ವನಿಯನ್ನು ಕೇಳಬೇಕೆಂದು ಅದೇ ಸಂಖ್ಯೆಗೆ ಮತ್ತೆ ಮತ್ತೆ ಕರೆ ಮಾಡಿಸುತ್ತಿದ್ದರು.

ಟ್ರಾಯ್‌ನ ನಿಯಮದಂತೆ ಪ್ರೀಪೇಯ್ಡ್ ಸಂಖ್ಯೆಯನ್ನು ಬಳಕೆಯಿಲ್ಲವೆಂಬ ಕಾರಣಕ್ಕೆ 90 ದಿನಗಳಿಗೆ ಮೊದಲು ರದ್ದುಪಡಿಸುವಂತಿಲ್ಲ. ಆ ಗಡುವು ಮುಗಿದ ಮೇಲೆ ರದ್ದಾಗಬಹುದೆಂದೇ ಇದರ ಅರ್ಥ. ಅಮೆರಿಕಕ್ಕೆ ಹೋಗುವ ತಂದೆತಾಯಿಗಳು ಆರು ತಿಂಗಳವರೆಗೆ ಅಲ್ಲಿ ಉಳಿಯುವುದು ಸಾಮಾನ್ಯವಾದುದರಿಂದ ಈ ಗಡುವನ್ನು ಅಲಕ್ಷಿಸುವಂತಿಲ್ಲ.

ಮಾಡಬೇಕಾದುದೇನು?

ಮೊಬೈಲನ್ನು ಮುಚ್ಚುವುದು ಬೇರೆ, ಡಾಟಾ ರೋಮಿಂಗ್ ಅನ್ನು ಮುಚ್ಚುವುದು ಬೇರೆ. ಈ ಲೇಖನದಿಂದ ಓದುಗ ಬಂಧುಗಳು ಒಂದೇ ಮಾತನ್ನು ನೆನಪಿನಲ್ಲಿಡುವುದಾದರೆ ಇದನ್ನೇ ಇಡಬೇಕು. ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್ ವಿಭಾಗದಲ್ಲಿ ‘ಡಾಟಾ ರೋಮಿಂಗ್’ ಎಂಬ ಒಂದು ಗುಂಡಿಯಿದೆ. ಅದನ್ನು ಆರಿಸಿಟ್ಟರೆ ಹೊರದೇಶದಲ್ಲಿ ಆ ಸಿಮ್‌ನ ಡಾಟಾ ಹರಿಯುವುದಿಲ್ಲ. ಆದರೆ ಸಿಮ್ ಜೀವಂತವಾಗಿರುತ್ತದೆ, ಬ್ಯಾಂಕಿನ ಒ.ಟಿ.ಪಿ. ಬರುತ್ತದೆ. ಇದಕ್ಕಾಗಿ ಹೊರಡುವ ಮುನ್ನವೇ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಕಂಪನಿಯಲ್ಲಿ ಚಾಲೂ ಮಾಡಿಸಿರಬೇಕು. ಬರುವ ಸಂದೇಶಕ್ಕೆ ಶುಲ್ಕವಿದೆಯೇ ಎಂಬುದನ್ನು ಆಗಲೇ ಕೇಳಿಕೊಳ್ಳಬೇಕು. ಬಂದ ಕರೆಯನ್ನು ಎತ್ತಿದರೆ ಶುಲ್ಕ ಬೀಳುತ್ತದೆಂಬುದನ್ನೂ ಹಿರಿಯರಿಗೆ ತಿಳಿಸಿರಬೇಕು.

ಮಗನ ಅಥವಾ ಮಗಳ ಮನೆಯನ್ನು ಮುಟ್ಟಿದ ಮೇಲೆ ಅಲ್ಲಿಯ ವೈಫೈ ಸಾಕಾಗುತ್ತದೆ. ವಾಟ್ಸಾಪ್ ಊರಿನ ಸಂಖ್ಯೆಯಲ್ಲಿಯೇ ವೈಫೈ ಮೂಲಕ ನಡೆಯುವುದರಿಂದ ಊರಿನವರೊಡನೆ ಬೇಕಾದಷ್ಟು ಮಾತನಾಡಬಹುದು. ಹೊರಗೆ ಸುತ್ತಾಡುವವರಿಗೆ ಅಲ್ಲಿಯದೇ ಒಂದು ಸಿಮ್ ಕೊಡಿಸಿ, ಡಾಟಾವನ್ನು ಅದಕ್ಕೆ ವಹಿಸಿ, ಊರಿನ ಸಿಮ್ ಅನ್ನು ಎರಡನೆಯ ಸ್ಥಾನದಲ್ಲಿ ಒ.ಟಿ.ಪಿ.ಗಾಗಿ ಇರಿಸುವುದು ಮಿತವ್ಯಯದ ಮಾರ್ಗ. ವಾರವೊಂದರ ಯಾತ್ರೆಗೆ ಹೋಗುವವರು ಮಾತ್ರ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಲಿ. ಯಾವ ದೇಶಗಳು, ಯಾವ ಸಹಭಾಗಿ ಕಂಪನಿಗಳು, ಎಷ್ಟು ದಿನ, ಎಷ್ಟು ಡಾಟಾ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಯೇ ಹಣ ಕೊಡಲಿ. ದೀರ್ಘಕಾಲ ಉಳಿಯುವವರ ಊರಿನ ಸಂಖ್ಯೆಗೆ ಅವಧಿ ತೀರುವ ಮೊದಲೇ ರೀಚಾರ್ಜ್ ಮಾಡಿಸುತ್ತಿರಬೇಕು. ನಡುನಡುವೆ ಅದರಿಂದ ಒಂದು ಕರೆಯನ್ನಾದರೂ ಮಾಡುತ್ತಿರಬೇಕು.

ಇವೆಲ್ಲವನ್ನೂ ಎಪ್ಪತ್ತರ ಹರೆಯದವರೇ ಕಲಿತು ಮಾಡಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಟಿಕೆಟ್ ಕಳುಹಿಸುವ ಮಕ್ಕಳೇ ಇದರ ಹೊಣೆಯನ್ನೂ ಹೊರಬೇಕು. ಹೊರಡುವ ಹಿಂದಿನ ದಿನ ಮನೆಯ ಕಿರಿಯರೊಬ್ಬರು ಹಿರಿಯರ ಪಕ್ಕದಲ್ಲಿ ಕುಳಿತು, ಆ ಗುಂಡಿಯನ್ನು ಅವರ ಕೈಯಿಂದಲೇ ಒಮ್ಮೆ ಒತ್ತಿಸಿ ತೋರಿಸಿದರೆ ಸಾಕು. ಅರ್ಧ ಗಂಟೆಯ ಕೆಲಸ. ಹೊರನಾಡಿನಲ್ಲಿ ಭಾಷೆ ಹೊಸದು, ಚಳಿ ಹೊಸದು, ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅಂತಹ ವೇಳೆಯಲ್ಲಿ ಊರಿನ ಧ್ವನಿಯೊಂದೇ ಅವರಿಗೆ ಆಸರೆ. ದುಡ್ಡಿನ ಭಯದಿಂದ ಅದನ್ನು ಅವರು ಕಳೆದುಕೊಳ್ಳುವಂತಾಗಬಾರದು.