ಬ್ಯಾಟರಿ ಇಲ್ಲದ ಫಾಸ್ಟ್ಯಾಗ್ ಮಾತಾಡುವುದು ಹೇಗೆ?

ಕಾರಿನ ಮುಂದಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನೊಳಗೆ ಬ್ಯಾಟರಿ ಇಲ್ಲ. ಅದನ್ನು ಯಾರೂ ಚಾರ್ಜ್ ಮಾಡುವುದಿಲ್ಲ. ಆದರೂ ಟೋಲ್‌ಗೇಟ್ ದಾಟುವಾಗಲೆಲ್ಲ ಅದು ತನ್ನ ಗುರುತಿನ ಸಂಖ್ಯೆಯನ್ನು ತಪ್ಪದೆ ಒಪ್ಪಿಸುತ್ತದೆ. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಕಡ್ಡಾಯವಾದ ಈ ಚೀಟಿ ಕೆಲಸ ಮಾಡುವ ಬಗೆ ಗೊತ್ತಾದರೆ, ಬ್ಯಾಟರಿಯ ಹಂಗಿಲ್ಲದ ಇತರ ಸಾಧನಗಳ ಗುಟ್ಟೂ ಗೊತ್ತಾದಂತೆಯೇ.

ಖರ್ಚು ಯಾವುದಕ್ಕೆ?

ತಾಪಮಾನವನ್ನೋ ತೇವಾಂಶವನ್ನೋ ಅಳೆಯಲು ಇಂದಿನ ಸೆನ್ಸರ್‌ಗಳಿಗೆ ಬೇಕಾಗುವ ವಿದ್ಯುತ್ ಅತ್ಯಲ್ಪ. ಅಳೆದದ್ದನ್ನು ರೇಡಿಯೊ ಮೂಲಕ ಕಳಿಸುವುದೇ ದುಬಾರಿ. ಮಿತವ್ಯಯಕ್ಕೆಂದೇ ರೂಪಿಸಿದ ಬ್ಲೂಟೂತ್ ಲೋ ಎನರ್ಜಿ ಕೂಡ ಸಂದೇಶ ಕಳಿಸುವ ಕ್ಷಣದಲ್ಲಿ ಸುಮಾರು 10 ಮಿಲಿವ್ಯಾಟ್ ಬೇಡುತ್ತದೆ. ವೈಫೈಗೆ ನೂರಾರು ಮಿಲಿವ್ಯಾಟ್ ಬೇಕು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಕಂಪಿಸುವ ಅಲೆಯನ್ನು ಹುಟ್ಟಿಸಿ, ಅದರ ಬಲ ಹೆಚ್ಚಿಸಿ ಹೊರಬಿಡುವುದಕ್ಕೇ ಈ ಖರ್ಚೆಲ್ಲ.

ಫಾಸ್ಟ್ಯಾಗ್ ಆ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಬೇರೊಬ್ಬರು ಕಳಿಸಿದ ಅಲೆಯನ್ನು ಅದು ಪ್ರತಿಫಲಿಸುತ್ತದೆ, ಅಷ್ಟೆ. ಮಕ್ಕಳು ಕನ್ನಡಿಯಿಂದ ಎದುರುಮನೆಯ ಗೋಡೆಗೆ ಬಿಸಿಲು ಹಾಯಿಸಿ, ಕನ್ನಡಿಗೆ ಕೈ ಅಡ್ಡ ಹಿಡಿದು, ತೆಗೆದು ಸನ್ನೆ ಮಾಡುತ್ತಾರಲ್ಲ, ಇದೂ ಹಾಗೆಯೇ: ಬೆಳಕು ಸೂರ್ಯನದು, ಸನ್ನೆ ಮಾತ್ರ ಮಕ್ಕಳದು. ಈ ವಿಧಾನಕ್ಕೆ ಬ್ಯಾಕ್‌ಸ್ಕ್ಯಾಟರ್ ಎಂದು ಹೆಸರು. ಹೀಗೆ ಪ್ರತಿಫಲನದಿಂದಲೇ ಸಂವಹನ ಸಾಧ್ಯವೆಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧ ಬರೆದಿದ್ದರು.

ಟೋಲ್‌ಗೇಟಿನಲ್ಲಿ ನಡೆಯುವುದು

ಲೇನಿನ ಮೇಲಿರುವ ರೀಡರ್ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅಲೆ ಬಿಡುತ್ತದೆ. ಟ್ಯಾಗ್‌ನ ಆಂಟೆನಾ ಅದನ್ನು ಹಿಡಿಯುತ್ತದೆ. ಚಿಪ್‌ನಲ್ಲಿರುವ ಡಯೋಡ್‌ಗಳು ಆ ಕಂಪನವನ್ನು ನೇರ ವಿದ್ಯುತ್ತಾಗಿ ಬದಲಿಸುತ್ತವೆ, ಚಿಪ್ ಎಚ್ಚರಗೊಳ್ಳುತ್ತದೆ. ರೀಡರ್ 4 ವ್ಯಾಟ್‌ಗೆ ಸಮನಾದ ಬಲದಲ್ಲಿ ಅಲೆ ಕಳಿಸಿದರೆ, ಅಡೆತಡೆಯಿಲ್ಲದ 5 ಮೀಟರ್ ದೂರದಲ್ಲಿ ಸಾಧಾರಣ ಆಂಟೆನಾಗೆ ದಕ್ಕುವುದು 100 ಮೈಕ್ರೋವ್ಯಾಟ್‌ನ ಆಸುಪಾಸು, ಅಂದರೆ ಒಂದು ವ್ಯಾಟ್‌ನ ಹತ್ತು ಸಾವಿರದಲ್ಲೊಂದು ಪಾಲು. ಚಿಪ್‌ಗೆ ಅಷ್ಟು ಧಾರಾಳವಾಗಿ ಸಾಕು.

ರೀಡರ್ ತನ್ನ ಅಲೆಯನ್ನು ಕ್ಷಣಕ್ಷಣಕ್ಕೂ ತಗ್ಗಿಸಿ ಏರಿಸಿ ಪ್ರಶ್ನೆ ಕೇಳುತ್ತದೆ. ಸುತ್ತಮುತ್ತಲಿನ ಟ್ಯಾಗ್‌ಗಳೆಲ್ಲ ಒಟ್ಟಿಗೇ ಉತ್ತರಿಸಿದರೆ ಗೊಂದಲವಾಗುತ್ತದೆ. ಆದ್ದರಿಂದ ಪ್ರತಿ ಟ್ಯಾಗ್ ತನಗೊಂದು ಸರದಿಯನ್ನು ಯಾದೃಚ್ಛಿಕವಾಗಿ ಆರಿಸಿಕೊಂಡು, ಸರದಿ ಬಂದಾಗ ಮೊದಲು 16 ಬಿಟ್‌ಗಳ ಒಂದು ತಾತ್ಕಾಲಿಕ ಸಂಖ್ಯೆಯನ್ನಷ್ಟೇ ಹೇಳುತ್ತದೆ. ರೀಡರ್ ಅದೇ ಸಂಖ್ಯೆಯನ್ನು ಮರಳಿ ಹೇಳಿದ ಮೇಲೆ ನಿಜವಾದ ಗುರುತನ್ನು ಒಪ್ಪಿಸುತ್ತದೆ. ಉತ್ತರಿಸುವಾಗ ಟ್ಯಾಗ್ ಮಾಡುವ ಕೆಲಸ ಒಂದೇ: ಆಂಟೆನಾಗೆ ಜೋಡಿಸಿದ ಸ್ವಿಚ್ಚನ್ನು ಬದಲಿಸುತ್ತ, ಅಲೆಯನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಪ್ರತಿಫಲಿಸುವುದು.

ನಿಮ್ಮ ಹಣ ಚಿಪ್‌ನಲ್ಲಿ ಇರುವುದಿಲ್ಲ. ಗುರುತಿನ ಸಂಖ್ಯೆ ಬ್ಯಾಂಕಿನ ವ್ಯವಸ್ಥೆಗೆ ತಲುಪಿ, ಶುಲ್ಕ ಖಾತೆಯಿಂದ ಕಡಿತವಾಗುತ್ತದೆ.

ಎಲ್ಲಿ ಅಂಟಿಸಬೇಕು, ಏಕೆ?

ಟ್ಯಾಗ್‌ಗೆ ಸಿಗುವ ಶಕ್ತಿ ಇಷ್ಟು ಕಡಿಮೆಯಿರುವಾಗ ಸಣ್ಣ ಅಡ್ಡಿಯೂ ದೊಡ್ಡದೇ. ದೂರ ಎರಡು ಪಟ್ಟಾದರೆ ಟ್ಯಾಗ್‌ಗೆ ಸಿಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರತಿಫಲಿಸಿದ ಅಲೆ ಮತ್ತೆ ಅಷ್ಟೇ ದೂರ ಹಿಂದಿರುಗಬೇಕಾದ್ದರಿಂದ ರೀಡರ್‌ಗೆ ಮರಳುವುದು ಹದಿನಾರನೆಯ ಒಂದು ಪಾಲು. ಟ್ಯಾಗನ್ನು ಗಾಜಿನ ಒಳಬದಿಯಲ್ಲಿ, ಹಿನ್ನೋಟದ ಕನ್ನಡಿಯ ಹಿಂದೆ ಅಂಟಿಸಲು ಹೇಳುವುದು ಅಲೆ ನೇರವಾಗಿ ತಲುಪಲೆಂದು. ಕೆಲವು ಕಾರುಗಳ ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪವಿರುತ್ತದೆ. ಆ ಲೇಪ ಅಲೆಯನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಲೇಪವಿಲ್ಲದೆ ಬಿಟ್ಟ ಜಾಗವನ್ನು ಹುಡುಕಿ ಅಲ್ಲೇ ಅಂಟಿಸಬೇಕು. ಟ್ಯಾಗನ್ನು ಕೈಯಲ್ಲಿ ಹಿಡಿದು ತೋರಿಸಬಾರದು: ಬೆರಳು ತಾಗಿದರೆ ಆಂಟೆನಾದ ಶ್ರುತಿ ತಪ್ಪುತ್ತದೆ, ದೇಹ ಅಲೆಯನ್ನು ಹೀರಿಕೊಳ್ಳುತ್ತದೆ.

ಬೇರೆ ದಾರಿಗಳು

ನಮ್ಮ ಮೆಟ್ರೊ ಕಾರ್ಡಿಗೂ ಬ್ಯಾಟರಿ ಇಲ್ಲ. ಆದರೆ ಅದು 13.56 ಮೆಗಾಹರ್ಟ್ಸ್‌ನಲ್ಲಿ, ಕಾಂತಕ್ಷೇತ್ರದ ಮೂಲಕ ಶಕ್ತಿ ಪಡೆಯುತ್ತದೆ. ಆ ಕ್ಷೇತ್ರ ಕೆಲವೇ ಸೆಂಟಿಮೀಟರ್‌ಗಳಲ್ಲಿ ಕ್ಷೀಣಿಸುವುದರಿಂದ ಕಾರ್ಡನ್ನು ಗೇಟಿಗೆ ತಾಗಿಸಬೇಕು. ಹಣದ ವಿಷಯದಲ್ಲಿ ಆ ಮಿತಿಯೇ ಒಂದು ರಕ್ಷಣೆ.

ಜರ್ಮನಿಯ ಎನ್‌ಓಷನ್ ಕಂಪನಿಯ ಗೋಡೆ ಸ್ವಿಚ್‌ಗಳದು ಇನ್ನೊಂದು ರೀತಿ. ಬೆರಳಿನಿಂದ ಒತ್ತಿದ ಬಲಕ್ಕೆ ಒಳಗಿನ ಪುಟ್ಟ ಜನರೇಟರ್ ವಿದ್ಯುತ್ ಹುಟ್ಟಿಸುತ್ತದೆ. ಒಂದು ಚುಟುಕು ಸಂದೇಶವನ್ನು ತಾನೇ ಕಳಿಸಲು ಅಷ್ಟು ಸಾಕು.

2013ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ, ಗಾಳಿಯಲ್ಲಿ ಹೇಗೂ ಹರಡಿರುವ ಟಿವಿ ಅಲೆಗಳನ್ನೇ ಬಳಸಿ ಎರಡು ಬ್ಯಾಟರಿರಹಿತ ಸಾಧನಗಳು ಪರಸ್ಪರ ಮಾತಾಡುವಂತೆ ಮಾಡಿತು. ಆಗ ದಾಟಿದ ದೂರ ಒಂದು ಮೀಟರಿಗೂ ಕಡಿಮೆ. 2017ರಲ್ಲಿ ಅಲ್ಲಿನವರೇ ಲೋರಾ ಎಂಬ ದೂರಗಾಮಿ ಸಂಕೇತವನ್ನು ಪ್ರತಿಫಲನದಿಂದ ರೂಪಿಸಿ, ಅಲೆಯ ಮೂಲ ಹತ್ತಿರದಲ್ಲಿದ್ದಾಗ 2.8 ಕಿಲೋಮೀಟರ್ ದೂರದ ರಿಸೀವರ್ ಮುಟ್ಟಿದರು. ಮೊಬೈಲ್ ಜಾಲಗಳ ಮಾನದಂಡ ರೂಪಿಸುವ 3ಜಿಪಿಪಿ ಕೂಡ ತನ್ನ 19ನೇ ಆವೃತ್ತಿಯಲ್ಲಿ ಇಂಥ ಸಾಧನಗಳನ್ನು ಕೈಗೆತ್ತಿಕೊಂಡಿದೆ.

ಆರಿಸುವ ಮೊದಲು

ಬ್ಯಾಟರಿ ತೆಗೆದುಬಿಟ್ಟರೆ ಕೆಲಸ ಇಲ್ಲವಾಗುವುದಿಲ್ಲ. ಅದು ಟ್ಯಾಗ್‌ನಿಂದ ರೀಡರ್‌ನ ಹೆಗಲಿಗೆ ಹೋಗುತ್ತದೆ. ಅಲೆ ಹುಟ್ಟಿಸುವುದು, ತನ್ನದೇ ಅಬ್ಬರದ ನಡುವೆ ಕ್ಷೀಣ ಪ್ರತಿಫಲನವನ್ನು ಹೆಕ್ಕುವುದು ಎಲ್ಲವೂ ಅದರದೇ ಹೊಣೆ. ಹಾಗಾಗಿ ವಸ್ತುಗಳು ನಿಗದಿತ ಬಾಗಿಲನ್ನು ದಾಟಿಯೇ ಹೋಗುವ ಗೋದಾಮು, ಗ್ರಂಥಾಲಯ, ಟೋಲ್‌ಗಳಿಗೆ ಪ್ರತಿಫಲಿಸುವ ಟ್ಯಾಗ್ ಹೇಳಿಮಾಡಿಸಿದ್ದು. ಹತ್ತಿರ ರೀಡರ್ ಇಲ್ಲದ ತೋಟದ ಮೂಲೆಗೆ ಅದು ಹೊಂದುವುದಿಲ್ಲ. ಅಲ್ಲಿ ಪುಟ್ಟ ಸೌರಕೋಶದಿಂದ ಶಕ್ತಿ ಕೂಡಿಟ್ಟು, ಗಂಟೆಗೊಮ್ಮೆ ಎಚ್ಚೆತ್ತು ವರದಿ ಕಳಿಸಿ ಮತ್ತೆ ನಿದ್ರಿಸುವ ಸಾಧನವೇ ಸರಿ.

ಸೆನ್ಸರ್‌ಗಳ ಸಂಖ್ಯೆ ಬೆಳೆಯುತ್ತಲೇ ಇದೆ. ಪ್ರತಿಯೊಂದಕ್ಕೂ ಒಂದು ಬಿಲ್ಲೆ ಬ್ಯಾಟರಿ ಎಂದರೆ, ಕೆಲವೇ ವರ್ಷಗಳಲ್ಲಿ ಅಷ್ಟೂ ಬ್ಯಾಟರಿ ಕಸವಾಗುತ್ತದೆ. ಸಾಧನ ಕೊಳ್ಳುವ ಪ್ರತಿ ಕಚೇರಿ, ಕಾರ್ಖಾನೆ, ಪಂಚಾಯಿತಿ ಬೆಲೆ ವಿಚಾರಿಸುವ ಮೊದಲೇ ಎರಡು ಪ್ರಶ್ನೆ ಕೇಳಬೇಕು: ಇದರ ಬ್ಯಾಟರಿ ಮುಗಿದಾಗ ಬದಲಿಸುವವರು ಯಾರು? ಬ್ಯಾಟರಿ ಇಲ್ಲದೆಯೇ ಈ ಕೆಲಸ ಆಗುವುದಿಲ್ಲವೇ?