ಮಕ್ಕಳ ಮನಸ್ಸಿಗೂ ಒಂದು ಆಸರೆ ಬೇಕು: ನಾಗಪುರದಂಥ ಊರಲ್ಲಿ ನಾವೇನು ಕಟ್ಟಬಹುದು?



ಹೊಸ ಊರಿಗೆ ಬಂದ ಮೊದಲ ವಾರದಲ್ಲೇ ನಾವು ಏನೇನು ವಿಚಾರಿಸಿ ಇಟ್ಟುಕೊಳ್ಳುತ್ತೇವೆ ನೋಡಿ. ಹಾಲಿನವನು, ಗ್ಯಾಸಿನವನು, ಶಾಲೆಯ ಬಸ್ಸು, ನಮ್ಮ ಕಡೆಯ ಅಕ್ಕಿ ಸಿಗುವ ಅಂಗಡಿ, ಮಗುವಿಗೆ ಜ್ವರ ಬಂದರೆ ತೋರಿಸುವ ಡಾಕ್ಟರು. ಆದರೆ ಅದೇ ಮಗು ದಿನೇ ದಿನೇ ಮಾತು ಕಡಿಮೆ ಮಾಡಿದರೆ ಯಾರ ಬಳಿ ಹೋಗಬೇಕು? ಇದನ್ನು ಮಾತ್ರ ಯಾರೂ ವಿಚಾರಿಸಿ ಇಟ್ಟುಕೊಂಡಿರುವುದಿಲ್ಲ. ಅಂಥ ಪ್ರಶ್ನೆ ಬರುತ್ತದೆ ಎಂದೇ ನಮಗೆ ಅನ್ನಿಸಿರುವುದಿಲ್ಲ.

ಇವತ್ತಿನ ಲೇಖನ ಈ ಪ್ರಶ್ನೆಯ ಬಗ್ಗೆ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿ, ಮಿಹಾನ್‌ನ ಕಂಪನಿ ಎಂದು ನಾಗಪುರಕ್ಕೆ ಬಂದಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಪುಣೆ, ಹೈದರಾಬಾದ್, ದುಬೈ, ಎಲ್ಲಿದ್ದರೂ ನಿಮಗೆ ಇದು ಅನ್ವಯಿಸುತ್ತದೆ.

*ಊರು ಬಿಟ್ಟ ಮಗುವಿನ ಮೇಲಿನ ಭಾರ*

ಧಾರವಾಡದಲ್ಲಿ ಐದನೇ ತರಗತಿ ಮುಗಿಸಿದ ಮಗು ನಾಗಪುರದಲ್ಲಿ ಆರನೇ ತರಗತಿಗೆ ಸೇರುತ್ತದೆ ಅಂದುಕೊಳ್ಳಿ. ಪಾಠ ಇಂಗ್ಲಿಷಿನಲ್ಲಿ, ಗೆಳೆಯರ ಮಾತು ನಾಗಪುರಿ ಹಿಂದಿಯಲ್ಲಿ. ಜೊತೆಗೆ ಮರಾಠಿ, 2020ರ ಕಾನೂನಿನಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ 1ರಿಂದ 10ನೇ ತರಗತಿವರೆಗೆ ಅದು ಕಡ್ಡಾಯ. ಮನೆಯಲ್ಲಿ ಕನ್ನಡ. ಒಂದೇ ವರ್ಷದಲ್ಲಿ ಮಗು ಹಳೆಯ ಗೆಳೆಯರನ್ನು, ಅಜ್ಜಿಯ ಮನೆಯನ್ನು, ತರಗತಿಯಲ್ಲಿ ತನಗಿದ್ದ ಜಾಗವನ್ನು ಕಳೆದುಕೊಂಡಿರುತ್ತದೆ. ದೊಡ್ಡವರಾದ ನಾವು ವರ್ಗಾವಣೆ ಎಂದು ಒಂದೇ ಪದದಲ್ಲಿ ಮುಗಿಸುತ್ತೇವೆ.

ಹೆಚ್ಚಿನ ಮಕ್ಕಳು ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ಮಹಾನಗರಗಳಲ್ಲಿ ಇದು ಶೇಕಡಾ 13.5. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು ಮೂವರು, ಮಹಾನಗರದಲ್ಲಾದರೆ ಐದಾರು ಮಂದಿ.

ಮಕ್ಕಳು "ನನಗೆ ಬೇಸರವಾಗಿದೆ" ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಶಾಲೆಯ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ಭಾನುವಾರ ಇಲ್ಲ. ಇಷ್ಟದ ಆಟ ಬೇಡ. ನಿದ್ದೆ ಬಾರದು, ಇಲ್ಲವೇ ಏಳಲಾಗದು. ಚಿಕ್ಕದಕ್ಕೂ ಸಿಟ್ಟು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು. ಇಂಥದ್ದು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ "ಎಲ್ಲ ಸರಿಹೋಗುತ್ತೆ ಬಿಡು" ಎಂದು ಕೈಬಿಡಬೇಡಿ.

*ಆಸ್ಪತ್ರೆ ಇದೆ, ನಡುವಿನ ಮೆಟ್ಟಿಲು ಇಲ್ಲ*

ನಾಗಪುರದಲ್ಲಿ ಚಿಕಿತ್ಸೆಗೆ ಜಾಗ ಇಲ್ಲವೆಂದಲ್ಲ. ಇಲ್ಲಿನ ಪ್ರಾದೇಶಿಕ ಮನೋರುಗ್ಣಾಲಯ 1864ರಷ್ಟು ಹಳೆಯದು. ಜನ 'ಮೆಡಿಕಲ್' ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಮಿಹಾನ್ ಕಡೆಯ ಏಮ್ಸ್‌ನಲ್ಲೂ ಮನೋವೈದ್ಯರ ವಿಭಾಗಗಳಿವೆ. ಖಾಸಗಿ ವೈದ್ಯರೂ ಇದ್ದಾರೆ.

ಆದರೆ ಮಂಕಾಗಿರುವ ಹನ್ನೊಂದರ ಹುಡುಗಿಯನ್ನು ನೇರವಾಗಿ ಮನೋರುಗ್ಣಾಲಯಕ್ಕೆ ಕರೆದೊಯ್ಯಲು ಯಾವ ತಂದೆತಾಯಿ ಮುಂದಾಗುತ್ತಾರೆ? ಮನೆಗೂ ಆಸ್ಪತ್ರೆಗೂ ನಡುವೆ ಒಂದು ಮೆಟ್ಟಿಲು ಬೇಕು. ಮಗು ಆಡಿಕೊಂಡು, ಚಿತ್ರ ಬಿಡಿಸಿಕೊಂಡು, ಮನಸ್ಸು ಬಂದಾಗ ಮಾತಾಡುವ ಜಾಗ. ಅಲ್ಲಿ ಕೇಳಿಸಿಕೊಳ್ಳಲು ಕಲಿತವರು ಇರಬೇಕು, ಯಾವ ಮಗುವಿಗೆ ವೈದ್ಯರು ಬೇಕು ಎಂದು ಗುರುತಿಸುವವರು ಇರಬೇಕು. ಈ ಮೆಟ್ಟಿಲನ್ನು ಊರಿನ ಜನರೇ ಸೇರಿ, ಲಾಭದ ಆಸೆಯಿಲ್ಲದ ಸಂಸ್ಥೆಯಾಗಿ ಕಟ್ಟಬಹುದು.

*ನಾಗಪುರಕ್ಕೆ ಇದು ಹೊಸದಲ್ಲ*

1921ರಲ್ಲಿ ಇದೇ ಊರಲ್ಲಿ ಕಮಲಾತಾಯಿ ಹೊಸ್ಪೇಟ್ ಎಂಬ ಮಹಿಳೆ ವೇಣುತಾಯಿ ನೇನೆ ಅವರೊಂದಿಗೆ ಸೇರಿ ಮಾತೃ ಸೇವಾ ಸಂಘವನ್ನು ಆರಂಭಿಸಿದರು. ಅಡ್ಡಹೆಸರು ಕೇಳಿದರೆ ಕನ್ನಡಿಗರ ಕಿವಿ ನೆಟ್ಟಗಾಗುತ್ತದೆ! ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿದ್ದ ಅವರು ದಾದಿಯ ತರಬೇತಿ ಪಡೆದು ಬಾಣಂತಿಯರ ಸೇವೆಗೆ ನಿಂತರು. ಅದೇ ಸಂಘ ಮುಂದೆ ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗಾಗಿ 'ನಂದನವನ' ಎಂಬ ಶಾಲೆಯನ್ನೂ 1958ರಲ್ಲಿ ಸಮಾಜಕಾರ್ಯ ಕಾಲೇಜನ್ನೂ ಕಟ್ಟಿತು. ಕಮಲಾತಾಯಿಯವರಿಗೆ 1961ರಲ್ಲಿ ಪದ್ಮಶ್ರೀ ಬಂತು.

2001ರಲ್ಲಿ ಹಿಸ್ಲಾಪ್ ಕಾಲೇಜಿನ ಕ್ರೀಡಾ ಶಿಕ್ಷಕ ವಿಜಯ್ ಬಾರ್ಸೆ ಕೊಳೆಗೇರಿಯ ಹುಡುಗರನ್ನು ಫುಟ್‌ಬಾಲಿನ ಸುತ್ತ ಸೇರಿಸಿದರು. ಅದೇ ಮುಂದೆ 'ಸ್ಲಂ ಸಾಕರ್' ಆಯಿತು. 2022ರ 'ಝುಂಡ್' ಸಿನಿಮಾ ಅವರ ಕೆಲಸದಿಂದಲೇ ಹುಟ್ಟಿದ್ದು. ಅದು ಮಾನಸಿಕ ಚಿಕಿತ್ಸೆಯ ಸಂಸ್ಥೆಯಲ್ಲ. ಆದರೂ ಒಂದು ಪಾಠ ಅದರಲ್ಲಿದೆ: ದಿನವೂ ಆಟ ಇರುತ್ತದೆ, ಕಾಯುವ ದೊಡ್ಡವರೊಬ್ಬರು ಇರುತ್ತಾರೆ ಎಂಬ ಭರವಸೆಯೇ ಎಷ್ಟೋ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನು ಮನಸ್ಸಿನ ಆರೋಗ್ಯದ್ದೇ ಮಾದರಿ ಬೇಕೆಂದರೆ 1996ರಲ್ಲಿ ಗೋವಾದಲ್ಲಿ ಶುರುವಾದ 'ಸಂಗಾತ್' ಇದೆ. ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ಸರಿಯಾದ ತರಬೇತಿ, ಸರಿಯಾದ ಮೇಲ್ವಿಚಾರಣೆ ಕೊಟ್ಟರೆ ಅವರು ಜನರಿಗೆ ನೆರವಾಗಬಲ್ಲರು ಎಂಬುದನ್ನು ಈ ಸಂಸ್ಥೆ ಅಧ್ಯಯನಗಳಲ್ಲಿ ತೋರಿಸಿದೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಅವರು ಚಿತ್ರಕಥೆಯ ಪುಸ್ತಕಗಳ ಮೂಲಕ ಹದಿಹರೆಯದವರಿಗೆ ಮೂರು ಹೆಜ್ಜೆ ಕಲಿಸಿದರು: ಸಮಸ್ಯೆ ಏನು, ದಾರಿಗಳು ಯಾವುವು, ಒಂದನ್ನು ಆರಿಸಿ ಮಾಡಿ ನೋಡು. ನೀವೂ ಮನೆಯಲ್ಲಿ ಇದನ್ನು ಬಳಸಬಹುದು.

*ಶುರು ಮಾಡುವುದು ಹೇಗೆ?*

1. *ಒಂದು ಕೋಣೆ, ಒಂದು ವೇಳೆ.* ಪ್ರತಿ ಶನಿವಾರ ಸಂಜೆ 4ರಿಂದ 6, ಅದೇ ಜಾಗ, ಅದೇ ಮುಖಗಳು. ವಾರಕ್ಕೆ ಎರಡು ಗಂಟೆ ಸಾಕು, ಆದರೆ ತಪ್ಪಬಾರದು. ಮೂರು ಸಲ ಬಾಗಿಲು ಮುಚ್ಚಿದ್ದನ್ನು ನೋಡಿದ ಮಗು ನಾಲ್ಕನೇ ಸಲ ಬರುವುದಿಲ್ಲ. ಮೇ ತಿಂಗಳ ನಾಗಪುರದ ಬಿಸಿಲಿಗೆ ವೇಳೆ ಬದಲಿಸಬೇಕಾದರೆ ಮೊದಲೇ ಹೇಳಿ.

2. *ಬೆನ್ನಿಗೊಬ್ಬ ತಜ್ಞರು.* ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು ಸ್ವಯಂಸೇವಕರಿಗೆ ತರಬೇತಿ ಕೊಡಬೇಕು, ಪ್ರತಿ ತಿಂಗಳು ಕೂತು ಅವರ ಕೆಲಸ ನೋಡಬೇಕು. ಸಂಗ್ರಹವಾದ ಹಣದಲ್ಲಿ ಮೊದಲ ಪಾಲು ಇವರ ಶುಲ್ಕಕ್ಕೆ ಇರಲಿ. ಬ್ಯಾನರು, ಉದ್ಘಾಟನೆ, ಹಾರ ಆಮೇಲೆ.

3. *ಮಗುವಿನ ಸುರಕ್ಷತೆ.* ಪ್ರತಿ ಸ್ವಯಂಸೇವಕರ ಪೊಲೀಸ್ ಪರಿಶೀಲನೆ ಆಗಲಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಎಂಬಂತೆ ಎಂದೂ ಇರಬಾರದು. ಮಾತು ಕೇಳಿಸದಿರಲಿ, ಆದರೆ ಕಣ್ಣಿಗೆ ಕಾಣುವಂತಿರಲಿ. ತಂದೆತಾಯಿಯ ಲಿಖಿತ ಒಪ್ಪಿಗೆ ಇರಲಿ, ಮಗುವಿನದ್ದೂ ಕೇಳಿ.

4. *ಭಾಷೆ ಮಗುವಿನ ಆಯ್ಕೆ.* ಕನ್ನಡದ ಮಗು ಕನ್ನಡದಲ್ಲೇ ಮನಸ್ಸು ತೆರೆಯುತ್ತದೆ ಎಂದುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಕನ್ನಡ ಬೈಗುಳದ ಭಾಷೆಯೂ ಆಗಿರುತ್ತದೆ. ಶಾಲೆಯ ನೋವು ಹಿಂದಿಯಲ್ಲೇ ಹೊರಬರುತ್ತದೆ. ಅಜ್ಜಿ ನೆನಪಾದಾಗ ಮಾತ್ರ ಕನ್ನಡ ಬೇಕು. ಎರಡೂ ಬಲ್ಲವರು ಇರಲಿ. ಕನ್ನಡ ನಿಜವಾಗಿ ಬೇಕಾಗುವುದು ತಂದೆತಾಯಿಗೆ, ಅಜ್ಜ ಅಜ್ಜಿಗೆ ವಿಷಯ ತಿಳಿಸುವಾಗ.

*ಎಲ್ಲಕ್ಕಿಂತ ಕಷ್ಟ: ಗುಟ್ಟು ಕಾಪಾಡುವುದು*

ನಮ್ಮಂಥ ಸಣ್ಣ ಸಮುದಾಯದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಶನಿವಾರ ಮಗುವಿನ ಮಾತು ಕೇಳಿದ ಆಂಟಿಯೇ ಭಾನುವಾರ ಅದರ ಅಮ್ಮನ ಜೊತೆ ಸಂಘದ ಊಟಕ್ಕೆ ಕೂರುತ್ತಾರೆ. "ನಿಮ್ಮ ಮಗಳು ಯಾಕೋ ಸಪ್ಪಗಿದ್ದಾಳಲ್ಲ?" ಎಂಬ ಒಂದು ಮಾತು, ಅದೂ ಪ್ರೀತಿಯಿಂದಲೇ ಬಂದದ್ದು, ಸಾಕು. ಆ ಮಗು ಇನ್ನೆಂದೂ ಬಾಯಿ ತೆರೆಯುವುದಿಲ್ಲ. ಸುದ್ದಿ ತಿಳಿದ ಉಳಿದ ಮಕ್ಕಳೂ ಬರುವುದಿಲ್ಲ. ಹಣವಿಲ್ಲದೆ ಸಂಸ್ಥೆ ಒಂದು ವರ್ಷ ಎಳೆಯಬಹುದು, ನಂಬಿಕೆ ಹೋದರೆ ಒಂದು ವಾರವೂ ಉಳಿಯುವುದಿಲ್ಲ.

ಆದ್ದರಿಂದ ಈ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ. ಪರಿಚಯದ ಮನೆಯ ಮಗುವಿನ ಜೊತೆ ಆ ಸ್ವಯಂಸೇವಕರು ಕೂರಬಾರದು, ಬೇರೆಯವರು ಕೂರಲಿ. ಮಗುವಿನ ಹೆಸರು, ಫೋಟೊ, ಕಥೆ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು, ಸಮಿತಿಯ ಗುಂಪಿಗೂ ಇಲ್ಲ. ದಾಖಲೆ ಬೀಗ ಹಾಕಿದ ಕಪಾಟಿನಲ್ಲಿರಲಿ. ದಾನಿಗಳಿಗೆ ಮಕ್ಕಳ ಫೋಟೊ ತೋರಿಸಿ ಹಣ ಕೇಳಬೇಡಿ.

ಮತ್ತೊಂದು ವಿಷಯ. "ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ. ಮೊದಲ ದಿನವೇ ಹೀಗೆ ಹೇಳಿ: "ನೀನು ಹೇಳಿದ್ದು ನಮ್ಮಲ್ಲೇ ಇರುತ್ತೆ. ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ನೀನೇ ನಿನಗೆ ಅಥವಾ ಬೇರೆಯವರಿಗೆ ನೋವು ಮಾಡಬಹುದು ಅನ್ನಿಸಿದರೆ, ನಿನ್ನನ್ನು ಕಾಪಾಡೋರಿಗೆ ಹೇಳಲೇಬೇಕಾಗುತ್ತೆ. ಹೇಳೋ ಮೊದಲು ನಿನಗೆ ತಿಳಿಸ್ತೀವಿ."

ಇದು ಕಾನೂನೂ ಹೌದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿರುವುದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮರ್ಯಾದೆ, ಸಂಘದ ಹೆಸರು ಎಂದು ಮುಚ್ಚಿಟ್ಟರೆ ಅದೇ ಅಪರಾಧ.

*ನಮ್ಮ ಮಿತಿ ನಮಗೆ ಗೊತ್ತಿರಲಿ*

ಸ್ವಯಂಸೇವಕರು ರೋಗದ ಹೆಸರು ಹೇಳಬಾರದು, ಔಷಧಿಯ ಬಗ್ಗೆ ಸಲಹೆ ಕೊಡಬಾರದು. ಮಗು ಊಟ ಬಿಟ್ಟಿದ್ದರೆ, ಇಲ್ಲದ ದನಿಗಳು ಕೇಳುತ್ತವೆ ಎಂದರೆ, ಕೈ ಕೊಯ್ದುಕೊಂಡಿದ್ದರೆ, ಸಾಯುವ ಮಾತು ಆಡಿದರೆ ಅದೇ ದಿನ ತಜ್ಞರ ಬಳಿ ಕಳುಹಿಸಬೇಕು. ಬರೀ ವಿಳಾಸ ಬರೆದುಕೊಟ್ಟರೆ ಸಾಲದು. ಒಬ್ಬರು ಜೊತೆಗೆ ಹೋಗಿ ಚೀಟಿ ಮಾಡಿಸಿ, ಭಾಷೆ ಬಾರದ ತಾಯಿಗೆ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಬರಬೇಕು. ಸಮುದಾಯದ ಸಂಸ್ಥೆ ಮಾಡಬಹುದಾದ ದೊಡ್ಡ ಉಪಕಾರ ಇದೇ.

"ಸಾಯುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಮಗುವಿನ ತಲೆಯಲ್ಲಿ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅದು ನಿಜವಲ್ಲ. ಶಾಂತವಾಗಿ ಕೇಳಿದರೆ ಮಗುವಿನ ಎದೆಭಾರ ಇಳಿಯುತ್ತದೆ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

*ನೋಂದಣಿ ಮತ್ತು ಹಣ*

ಮಹಾರಾಷ್ಟ್ರದಲ್ಲಿ ಸೊಸೈಟಿ ನೋಂದಾಯಿಸಲು ಕನಿಷ್ಠ 7 ಸದಸ್ಯರು ಬೇಕು. 1860ರ ಸೊಸೈಟಿ ಕಾಯ್ದೆಯ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚಾರಿಟಿ ಕಮಿಷನರ್ ಕಚೇರಿಯಲ್ಲೂ ನೋಂದಣಿ ಆಗುತ್ತದೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಪಡೆಯಬೇಕು.

ವಿದೇಶದಲ್ಲಿರುವ ಬಂಧುಗಳೇ, ಇದು ನಿಮಗೆ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ದಾನ 'ವಿದೇಶಿ ದೇಣಿಗೆ' ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಕಳುಹಿಸಿದ ಹಣ ಸಂಸ್ಥೆಗೆ ಸಂಕಟ ತರಬಾರದು.

*ನಡೆಸಿಕೊಂಡು ಹೋಗುವುದು*

ಶುರು ಮಾಡುವುದು ಸುಲಭ, ಮೂರನೇ ವರ್ಷ ಕಷ್ಟ. ನಮ್ಮ ಸ್ವಯಂಸೇವಕರಿಗೂ ವರ್ಗಾವಣೆ ಬರುತ್ತದಲ್ಲ! ಒಬ್ಬರನ್ನು ನಂಬಿ ಮನಸ್ಸು ಬಿಚ್ಚಿದ ಮಗುವಿಗೆ ಅವರೂ ಒಂದು ದಿನ ಹೇಳದೆ ಕೇಳದೆ ಹೊರಟುಹೋದರೆ ಹಳೆಯ ಗಾಯವೇ ಮತ್ತೆ ಕೆದಕಿದಂತೆ. ಅದಕ್ಕೇ ಪ್ರತಿ ಕೆಲಸಕ್ಕೂ ಇಬ್ಬರು ಇರಲಿ. ಹೋಗುವವರು ಒಂದು ತಿಂಗಳು ಮೊದಲೇ ಮಗುವಿಗೆ ತಿಳಿಸಿ, ಮುಂದೆ ಬರುವವರ ಪರಿಚಯ ಮಾಡಿಸಿ ಹೊರಡಲಿ. ಮಕ್ಕಳ ನೋವು ಕೇಳಿ ಕೇಳಿ ಸ್ವಯಂಸೇವಕರಿಗೂ ದಣಿವಾಗುತ್ತದೆ. ಅವರಿಗೂ ಬಿಡುವು ಬೇಕು, ಮಾತಾಡಲು ಒಬ್ಬರು ಬೇಕು.

ವರ್ಷದ ಕೊನೆಗೆ ಎಷ್ಟು ಕಾರ್ಯಕ್ರಮ ಆಯಿತು ಎಂದು ಎಣಿಸಬೇಡಿ. ಎರಡನೇ ಸಲ ತಾನಾಗಿಯೇ ಬಂದ ಮಕ್ಕಳು ಎಷ್ಟು, ವೈದ್ಯರ ಬಳಿ ನಿಜವಾಗಿ ತಲುಪಿದವರು ಎಷ್ಟು ಎಂದು ನೋಡಿ.

*ಸಂಸ್ಥೆ ಕಟ್ಟಲು ಆಗದಿದ್ದರೆ?*

ಪರವಾಗಿಲ್ಲ. ದಿನಕ್ಕೆ ಹದಿನೈದು ನಿಮಿಷ ಮೊಬೈಲು ಬದಿಗಿಟ್ಟು ಮಗುವಿನ ಪಕ್ಕ ಕೂರಿ. ಅಂಕ, ಹೋಮ್‌ವರ್ಕ್ ಬಿಟ್ಟು ಬೇರೆ ಏನಾದರೂ ಮಾತಾಡಿ. ಹಳೆಯ ಗೆಳೆಯರಿಗೆ ವಾರಕ್ಕೊಮ್ಮೆ ವೀಡಿಯೊ ಕರೆ ಮಾಡಿಸಿ. ನಿಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ಕುಟುಂಬದ ಮಗುವನ್ನು ಸಂಜೆ ಆಟಕ್ಕೆ ಕರೆಯಲು ನಿಮ್ಮ ಮಕ್ಕಳಿಗೆ ಹೇಳಿ.

ಈ ಎರಡು ಸಂಖ್ಯೆಗಳನ್ನು ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ:

*14416* – ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಉಚಿತ, ದಿನದ 24 ಗಂಟೆ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.

*1098* – ಮಕ್ಕಳ ಸಹಾಯವಾಣಿ. ಮಗುವೇ ಕರೆ ಮಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಮಗುವಿಗೂ ಬಾಯಿಪಾಠ ಮಾಡಿಸಿ.

ಊರು ಬಿಟ್ಟು ಬಂದ ಇನ್ನೊಂದು ಮನೆಗೆ ಇದು ಉಪಯೋಗವಾಗುತ್ತದೆ ಅನ್ನಿಸಿದರೆ ಕಳುಹಿಸಿ. ನಾಗಪುರದಲ್ಲಿರುವವರು ಮುಂದಿನ ಸಲ ನಾಲ್ಕು ಮನೆಯವರು ಸೇರಿದಾಗ ಈ ಮಾತು ಎತ್ತಿ. ಏಳು ಜನ ಸಿಕ್ಕರೆ ಸೊಸೈಟಿಗೆ ಸಾಕು, ಇಬ್ಬರು ಸಿಕ್ಕರೂ ಶನಿವಾರದ ಕೋಣೆ ತೆರೆಯುವ ಮಾತುಕತೆ ಶುರು ಮಾಡಬಹುದು.